ಆಗದ ಮದುವೆ, ಬೇಕಾಗದ ವಿಚ್ಛೇದನ: ಯಹೂದಿ ಶಾಸ್ತ್ರದ ಒಂದು ಲೆಕ್ಕ

ಕೇಳುಗರೇ, ನಮಸ್ಕಾರ.

ಯಹೂದಿಗಳು ಅನ್ಯಮತೀಯರನ್ನು ಮದುವೆಯಾಗುವುದನ್ನು ಅವರ ಧರ್ಮಶಾಸ್ತ್ರ ನಿಷೇಧಿಸುತ್ತದೆ ಎಂಬುದು ಅನೇಕರಿಗೆ ಗೊತ್ತು. ಆದರೆ ನಿಷಿದ್ಧವಾದದ್ದೆಲ್ಲ ಅಸಿಂಧು ಆಗಬೇಕಿಲ್ಲ. ಪುರೋಹಿತ ವಂಶದ ಕೊಹೆನ್ ವಿಚ್ಛೇದಿತೆಯ ಕೈ ಹಿಡಿಯಬಾರದು. ಹಿಡಿದರೆ ಅದು ತಪ್ಪು, ಆದರೂ ಮದುವೆ ಮದುವೆಯೇ. ಬಿಡಿಸಲು ವಿಚ್ಛೇದನ ಪತ್ರ ಬೇಕು. ಯಹೂದಿ ಮತ್ತು ಯಹೂದಿಯಲ್ಲದವರ ಮದುವೆ ಹಾಗಲ್ಲ. ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟು ಕೈಯಲ್ಲಿದ್ದರೂ ಶಾಸ್ತ್ರದ ಪ್ರಕಾರ ಅಲ್ಲಿ ಮದುವೆ ನಡೆದೇ ಇಲ್ಲ.

ಶಾಸ್ತ್ರ ಒಪ್ಪುವ ವಿವಾಹಬಂಧಕ್ಕೆ ಕಿದ್ದುಷಿನ್ ಎನ್ನುತ್ತಾರೆ. ವರ ವಧುವಿಗೆ ಕನಿಷ್ಠ ಒಂದು ಪೆರುಟಾ ಬೆಲೆಯ, ಎಂದರೆ ಅರ್ಧ ಬಾರ್ಲಿ ಕಾಳಿನ ತೂಕದಷ್ಟು ಬೆಳ್ಳಿಯ ಬೆಲೆಯ ವಸ್ತುವನ್ನು ಕೊಡಬೇಕು. ಸಾಮಾನ್ಯವಾಗಿ ಅದು ಉಂಗುರ. ಇಬ್ಬರು ಅರ್ಹ ಸಾಕ್ಷಿಗಳು ಎದುರಿಗಿರಬೇಕು. ಅವರು ವಧೂವರರಿಗಾಗಲಿ ಒಬ್ಬರಿಗೊಬ್ಬರಾಗಲಿ ಹತ್ತಿರದ ನೆಂಟರಾಗಿರಬಾರದು. ಇಷ್ಟೆಲ್ಲ ಸರಿಯಿದ್ದರೂ ಜೋಡಿಯಲ್ಲಿ ಒಬ್ಬರು ಯಹೂದಿಯಲ್ಲದಿದ್ದರೆ ಬಂಧ ಕೂಡುವುದಿಲ್ಲ. ಹಾಗಾಗಿ ಅವರು ಬೇರೆಯಾದರೆ ಗೆಟ್ ಎಂಬ ವಿಚ್ಛೇದನ ಪತ್ರದ ಅಗತ್ಯವೇ ಬೀಳದು. ಮಗು ತಾಯಿಯ ಕಡೆಗೆ: ತಾಯಿ ಯಹೂದಿಯಾದರೆ ಮಗುವೂ ಯಹೂದಿ, ಇಲ್ಲದಿದ್ದರೆ ಇಲ್ಲ.

ಇನ್ನು ವ್ಯಭಿಚಾರ. ಈ ಶಾಸ್ತ್ರದಲ್ಲಿ ಅದರ ಅರ್ಥ ಕಿದ್ದುಷಿನ್‌ಗೆ ಒಳಪಟ್ಟ ಹೆಂಡತಿ ಪರಪುರುಷನನ್ನು ಕೂಡುವುದು. ವಿವಾಹಿತ ಗಂಡಸು ಅವಿವಾಹಿತೆಯ ಬಳಿ ಹೋದರೆ ಅದು ಹೀನವೇ, ಆದರೆ ಈ ಅಪರಾಧದ ವ್ಯಾಖ್ಯೆಗೆ ಬರುವುದಿಲ್ಲ. ಅಳತೆಗೋಲು ಗಂಡಿಗೊಂದು ಹೆಣ್ಣಿಗೊಂದು ಎಂಬುದನ್ನು ಮುಚ್ಚಿಡುವಂತಿಲ್ಲ.

ಹೆಂಡತಿ ಬೇಕೆಂದೇ ಯಹೂದಿ ಪರಪುರುಷನೊಡನೆ ಕೂಡಿದರೆ ಅವಳು ಗಂಡನಿಗೂ ನಿಷಿದ್ಧೆ, ಪ್ರಿಯಕರನಿಗೂ ನಿಷಿದ್ಧೆ. ಆ ಸಂಬಂಧದ ಮಗು ಮಮ್ಜೇರ್. ಮತಾಂತರಗೊಂಡು ಬಂದವರನ್ನು ಅಥವಾ ಇನ್ನೊಬ್ಬ ಮಮ್ಜೇರನ್ನು ಬಿಟ್ಟು ಬೇರೆ ಯಹೂದಿಯನ್ನು ಅದು ಮದುವೆಯಾಗುವಂತಿಲ್ಲ. ಕಳಂಕ ಮುಂದಿನ ತಲೆಮಾರುಗಳಿಗೂ ಹರಿಯುತ್ತದೆ. ಅದೇ ಹೆಂಡತಿ ಅನ್ಯಮತೀಯನನ್ನು ಕೂಡಿದರೆ? ಆಗಲೂ ಗಂಡನಿಗೆ ನಿಷಿದ್ಧೆಯೇ, ಆದರೆ ಮಗು ಮಮ್ಜೇರ್ ಅಲ್ಲ, ಯಹೂದಿಯೇ. ಇನ್ನು ಬಲಾತ್ಕಾರವಾದರೆ ಅವಳು ಗಂಡನೊಡನೆ ಬಾಳಬಹುದು. ಗಂಡ ಕೊಹೆನ್ ಆಗಿದ್ದರೆ ಮಾತ್ರ ಅದಕ್ಕೂ ಅವಕಾಶವಿಲ್ಲ.

ಅನ್ಯಮತೀಯರು ತಮ್ಮತಮ್ಮೊಳಗೆ ಮಾಡಿಕೊಂಡ ಮದುವೆಯನ್ನೂ ಶಾಸ್ತ್ರ ಕಡೆಗಣಿಸುವುದಿಲ್ಲ. ನೋಹನ ಸಂತತಿಗೆಲ್ಲ, ಎಂದರೆ ಇಡೀ ಮನುಕುಲಕ್ಕೆ ಅನ್ವಯಿಸುವ ಏಳು ಕಟ್ಟಳೆಗಳಲ್ಲಿ ನಿಷಿದ್ಧ ಲೈಂಗಿಕ ಸಂಬಂಧಗಳದ್ದೂ ಒಂದು. ಪರರ ಹೆಂಡತಿ ಅದರೊಳಗೇ ಸೇರುತ್ತಾಳೆ.

ಎಡವಟ್ಟಾಗುವುದು ಹೆಚ್ಚಾಗಿ ವಿಚ್ಛೇದನದಲ್ಲಿ. ಕಿದ್ದುಷಿನ್ ಆದವಳು ಸರ್ಕಾರಿ ಕೋರ್ಟಿನ ಡಿಕ್ರಿಯನ್ನಷ್ಟೇ ನಂಬಿ ಇನ್ನೊಬ್ಬ ಯಹೂದಿಯನ್ನು ಮದುವೆಯಾದರೆ, ಶಾಸ್ತ್ರದ ಕಣ್ಣಿಗೆ ಅವಳಿನ್ನೂ ಮೊದಲ ಗಂಡನ ಹೆಂಡತಿ. ಹುಟ್ಟುವ ಮಕ್ಕಳ ಗತಿ ಮೇಲೆ ಹೇಳಿದ್ದೇ. ಗೆಟ್ ಅಚ್ಚು ಹಾಕಿಟ್ಟ ಫಾರಂ ಅಲ್ಲ. ಆ ಗಂಡ, ಆ ಹೆಂಡತಿಯ ಹೆಸರಿನಲ್ಲೇ ಲಿಪಿಕಾರ ಹನ್ನೆರಡು ಸಾಲುಗಳಲ್ಲಿ ಬರೆದು, ಸಾಕ್ಷಿಗಳೆದುರು ಅವಳ ಕೈಗೆ ತಲುಪಬೇಕಾದ ಪತ್ರ. ಹೆಸರು ತಪ್ಪಾದರೆ ಪತ್ರವೇ ಕೆಟ್ಟೀತು.

ಮಿಶ್ರ ದಂಪತಿಯಲ್ಲಿ ಹೆಂಡತಿ ಮತಾಂತರಗೊಂಡರೆ ಮಿಕ್ವೆ ಎಂಬ ಶುದ್ಧಿಕೊಳದಲ್ಲಿ ಮಿಂದ ನಂತರ 90 ದಿನ ಇಬ್ಬರೂ ದೂರವಿದ್ದು, ಆಮೇಲೆ ಕಿದ್ದುಷಿನ್ ಮಾಡಿಕೊಳ್ಳಬೇಕೆಂಬುದು ನಿಯಮ. ಗರ್ಭ ಕಟ್ಟಿದ್ದು ಮತಾಂತರಕ್ಕೆ ಮೊದಲೋ ಆಮೇಲೋ ಎಂಬುದು ಖಚಿತವಾಗಲಿ ಎಂದು. ಹೆಂಡತಿ ಮೊದಲೇ ಬಸುರಿ ಎಂಬುದು ಕಣ್ಣಿಗೆ ಕಾಣುವಂತಿದ್ದರೆ ಕಾಯುವುದನ್ನು ರಬ್ಬಿಗಳು, ಎಂದರೆ ಯಹೂದಿ ಧರ್ಮಗುರುಗಳು ಸಡಿಲಿಸುವುದುಂಟು.

ಈ ಲೆಕ್ಕ ಭಾರತದವರನ್ನೂ ಕಾಡಿದೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಸಮುದಾಯದವರು ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಶನಿವಾರ ತೇಲಿ ಎಂದು ಹೆಸರಾದವರು. ಅವರು ಇಸ್ರೇಲಿಗೆ ವಲಸೆ ಹೋದಾಗ ರಬ್ಬಿಗಳು ಎತ್ತಿದ ಸಂಶಯ ಇದೇ: ತಲೆಮಾರುಗಳ ಕಾಲ ಗೆಟ್ ನಿಯಮದ ಅರಿವಿಲ್ಲದೆ ಮರುಮದುವೆಗಳು ನಡೆದಿದ್ದರೆ? 1962ರಲ್ಲಿ ಮುಖ್ಯ ರಬ್ಬಿ ಮಂಡಳಿ, ಈ ಸಮುದಾಯದವರು ಇತರ ಯಹೂದಿಗಳನ್ನು ಮದುವೆಯಾಗುವ ಮೊದಲು ವಂಶಾವಳಿ ವಿಚಾರಿಸಿ ಎಂದು ಸೂಚಿಸಿತು. 1964ರಲ್ಲಿ ಅವರು ಜೆರುಸಲೇಮಿನಲ್ಲಿ ಧರಣಿ ಕೂತರು, ಸಂಸತ್ತು ಚರ್ಚಿಸಿತು. ಕೊನೆಗೆ ಆ ಸೂಚನೆಯಿಂದ ಬೆನೆ ಇಸ್ರೇಲ್ ಹೆಸರನ್ನು ತೆಗೆದುಹಾಕಲಾಯಿತು.

ನಮಸ್ಕಾರ.