ಎದೆಗೂಡಿನ ಅಳತೆ, ಉಸಿರಿನ ಮಾತು

ಬಸವನಗುಡಿಯ ಈ ಸಭೆಗೆ ಬಂದಿರುವ ಹಿರಿಯರಿಗೆ, ಮಕ್ಕಳನ್ನು ಕರೆತಂದಿರುವ ತಂದೆತಾಯಂದಿರಿಗೆ ಮತ್ತು ಹಿಂದಿನ ಸಾಲುಗಳಲ್ಲಿ ಕುಳಿತಿರುವ ವೈದ್ಯಕೀಯ ವಿದ್ಯಾರ್ಥಿಗಳಿಗೆ ನಮಸ್ಕಾರ.

ನಾನು ಇಂದು ಹೇಳಲಿರುವ ಎರಡು ತೊಂದರೆಗಳಿಗೆ ಮೇಲ್ನೋಟಕ್ಕೆ ನಂಟಿಲ್ಲ. ಒಂದು ಸ್ಕ್ಲೆರೋಡರ್ಮಾ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬಿದ್ದು, ಮೊದಲು ಚರ್ಮವನ್ನೂ ಮುಂದೆ ಒಳಗಿನ ಅಂಗಗಳನ್ನೂ ಗಡುಸಾಗಿಸುವ ಈ ಕಾಯಿಲೆ ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಇನ್ನೊಂದು, ಎದೆಯ ನಡುಮೂಳೆ ಒಳಕ್ಕೆ ಕುಸಿದು ಗುಳಿ ಬೀಳುವ, ಮಕ್ಕಳಲ್ಲಿ ಕಾಣುವ ಎದೆಗೂಡಿನ ವಿಕಾರ. ಮೊದಲನೆಯದು ಉಸಿರನ್ನು ಒಳಗಿನಿಂದ ಬಿಗಿಯುತ್ತದೆ, ಎರಡನೆಯದು ಹೊರಗಿನಿಂದ ಒತ್ತುತ್ತದೆ. ಶ್ವಾಸಕೋಶ ವೈದ್ಯನಾದ ನನ್ನ ಕೊಠಡಿಯಲ್ಲಿ ಇಬ್ಬರೂ ಕುಳಿತುಕೊಳ್ಳುವುದು ಒಂದೇ ಯಂತ್ರದ ಮುಂದೆ. ಅದು ಸ್ಪೈರೋಮೀಟರ್. 1846ರಲ್ಲಿ ಜಾನ್ ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಉಸಿರು ಊದಿಸಿ, ಎದೆ ತುಂಬ ಎಳೆದುಕೊಂಡು ಪೂರ್ತಿ ಹೊರಬಿಡಬಲ್ಲ ಗಾಳಿಯ ಪ್ರಮಾಣವನ್ನು ಅಳೆದು ಪ್ರಕಟಿಸಿದ. ಇಂದಿನ ಸಂಶೋಧನೆಯೂ ಬಹುಮಟ್ಟಿಗೆ ಆ ಅಳತೆಯ ಮೇಲೆಯೇ ನಿಂತಿದೆ. ಆ ಅಳತೆ ಬೇಕೇ ಬೇಕು. ಆದರೆ ರೋಗಿಗೆ ಏನಾಗುತ್ತಿದೆ ಎಂಬುದನ್ನು ರೋಗಿಯ ಭಾಷೆಯಲ್ಲೇ ಕೇಳದ ಸಂಶೋಧನೆ ಅರ್ಧ ಸಂಶೋಧನೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಕ್ಲೆರೋಡರ್ಮಾ ಅನೇಕರಲ್ಲಿ ಬೆರಳುಗಳಿಂದ ಶುರುವಾಗುತ್ತದೆ. ಡಿಸೆಂಬರಿನ ಬೆಳಗ್ಗೆ ನಲ್ಲಿಯ ತಣ್ಣೀರು ಮುಟ್ಟಿದೊಡನೆ ಬೆರಳು ಬೆಳ್ಳಗಾಗಿ, ಆಮೇಲೆ ನೀಲಿಗಟ್ಟಿ, ಬಿಸಿ ತಾಗಿದ ಮೇಲೆ ಕೆಂಪಗಾಗುತ್ತದೆ. ಬೆರಳು ಊದಿ ಉಂಗುರ ಬಿಗಿಯಾಗುತ್ತದೆ. ಒಂದು ಕಾಲದಲ್ಲಿ ಈ ಕಾಯಿಲೆಯವರ ಪ್ರಾಣ ತೆಗೆಯುತ್ತಿದ್ದುದು ಮುಖ್ಯವಾಗಿ ಮೂತ್ರಪಿಂಡ. ರಕ್ತದೊತ್ತಡ ಹಠಾತ್ತನೆ ಏರಿ ಕೆಲವೇ ವಾರಗಳಲ್ಲಿ ಮೂತ್ರಪಿಂಡಗಳು ಕೈಕೊಡುತ್ತಿದ್ದವು. ರಕ್ತದೊತ್ತಡ ಇಳಿಸುವ ಕ್ಯಾಪ್ಟೊಪ್ರಿಲ್ ಗುಂಪಿನ ಮಾತ್ರೆಗಳು ಬಂದ ಮೇಲೆ ಚಿತ್ರ ಬದಲಾಯಿತು: ಅಮೆರಿಕದ ಪಿಟ್ಸ್‌ಬರ್ಗ್‌ನ ವೈದ್ಯರು 1990ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆ ಮಾತ್ರೆ ಸಿಗದವರಲ್ಲಿ ಒಂದು ವರ್ಷ ಬದುಕಿದವರು ಶೇಕಡ 15, ಸಿಕ್ಕವರಲ್ಲಿ ಶೇಕಡ 76. ಅಂತರ ಇಷ್ಟು ದೊಡ್ಡದಿದ್ದಾಗ, ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಲು ಯಾರ ಮನಸ್ಸೂ ಒಪ್ಪಲಿಲ್ಲ, ಒಪ್ಪಬೇಕಾದ ಅಗತ್ಯವೂ ಬರಲಿಲ್ಲ.

ಶ್ವಾಸಕೋಶದ ಕಥೆ ಹಾಗಲ್ಲ. ಇಂದು ಈ ರೋಗಿಗಳ ಸಾವಿಗೆ ಮುಖ್ಯ ಕಾರಣಗಳಲ್ಲಿ ಮೊದಲು ನಿಲ್ಲುವುದು ಶ್ವಾಸಕೋಶ ನಾರುಗಟ್ಟುವುದು. ಅಲ್ಲಿ ಔಷಧದ ಗುಣ ಸಣ್ಣದು. ಸಣ್ಣ ಗುಣವನ್ನು ಕಾಯಿಲೆಯ ಸಹಜ ಏರಿಳಿತದಿಂದ ಬೇರ್ಪಡಿಸಬೇಕಾದರೆ ಹೋಲಿಕೆಯ ಗುಂಪು ಇರಲೇಬೇಕು. 2006ರಲ್ಲಿ, ರೋಗನಿರೋಧಕ ವ್ಯವಸ್ಥೆಯ ಅಬ್ಬರ ತಗ್ಗಿಸುವ ಸೈಕ್ಲೋಫಾಸ್ಫಮೈಡ್‌ಗೂ ಪ್ಲಸೀಬೊ ಎನ್ನುವ ಹುಸಿ ಮಾತ್ರೆಗೂ ನಡೆದ ಹೋಲಿಕೆ, 2016ರಲ್ಲಿ ಅದೇ ಸೈಕ್ಲೋಫಾಸ್ಫಮೈಡ್‌ಗೂ ಅದೇ ಕೆಲಸದ ಇನ್ನೊಂದು ಔಷಧವಾದ ಮೈಕೋಫೆನೊಲೇಟ್‌ಗೂ ನಡೆದ ಹೋಲಿಕೆ ಇಂಥವು. ಎರಡನೆಯದರಲ್ಲಿ ಎರಡೂ ಗುಂಪಿನವರ ಶ್ವಾಸಕೋಶ ಸುಧಾರಿಸಿತು. ಮೈಕೋಫೆನೊಲೇಟನ್ನು ದೇಹ ಹೆಚ್ಚು ಸುಲಭವಾಗಿ ತಡೆದುಕೊಂಡದ್ದರಿಂದ ಈಗ ನಾವು ಮೊದಲು ಬರೆಯುವುದು ಅದನ್ನೇ.

2019ರಲ್ಲಿ ಪ್ರಕಟವಾದ ಸೆನ್ಸಿಸ್ ಅಧ್ಯಯನದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. 32 ದೇಶಗಳ 576 ರೋಗಿಗಳಿಗೆ 52 ವಾರ, ನಾರುಗಟ್ಟುವುದನ್ನು ನಿಧಾನಿಸುವ ನಿಂಟೆಡಾನಿಬ್ ಎಂಬ ಔಷಧ ಅಥವಾ ಹುಸಿ ಮಾತ್ರೆ ಕೊಡಲಾಯಿತು. ಒಂದು ವರ್ಷದಲ್ಲಿ ಹುಸಿ ಮಾತ್ರೆಯವರು ಕಳೆದುಕೊಂಡ ಉಸಿರಿನ ಪ್ರಮಾಣ ಸರಾಸರಿ 93.3 ಮಿಲಿಲೀಟರ್, ಔಷಧ ಪಡೆದವರು ಕಳೆದುಕೊಂಡದ್ದು 52.4. ಉಳಿದ 41 ಮಿಲಿಲೀಟರ್ ಎಂದರೆ ಹಸುಗೂಸಿಗೆ ಹಾಲು ಕುಡಿಸುವ ಒಳಲೆಯಲ್ಲಿ ಎರಡು ಮೂರು ಸಲ ಹಿಡಿಯುವಷ್ಟು. ಇದು ಕಡಿಮೆಯೇ? ನಾರುಗಟ್ಟಿದ ಶ್ವಾಸಕೋಶ ಮತ್ತೆ ಮೆದುವಾಗುವುದಿಲ್ಲ, ವರ್ಷವರ್ಷವೂ ಉಳಿದದ್ದು ಕೂಡುತ್ತಾ ಹೋಗುವ ಆಸೆಯಿದೆ, ಆದ್ದರಿಂದ ನಾನು ಈ ಔಷಧವನ್ನು ಬೇಕಾದವರಿಗೆ ಬರೆಯುತ್ತೇನೆ. ಆದರೆ ಅದೇ ಅಧ್ಯಯನದಲ್ಲಿ ಔಷಧ ಪಡೆದವರ ಪೈಕಿ ಮುಕ್ಕಾಲು ಪಾಲು ಜನರಿಗೆ ಭೇದಿಯಾಯಿತು. ದಿನನಿತ್ಯದ ಬದುಕು ಹೇಗಿದೆ ಎಂದು ಕೇಳುವ ಪ್ರಶ್ನಾವಳಿಯಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಆ ಪ್ರಶ್ನಾವಳಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ರೂಪುಗೊಂಡದ್ದು. ಒಳ್ಳೆಯ ಪ್ರಶ್ನಾವಳಿ, ಜಗತ್ತೆಲ್ಲ ಬಳಸುತ್ತದೆ. ಅದರ ಮೂಲದಲ್ಲಿ, ಸಲಿಕೆಯಿಂದ ಹಿಮ ಎತ್ತಿಹಾಕುವಾಗ, ಗಾಲ್ಫ್ ಆಡುವಾಗ ಉಸಿರು ಅಡ್ಡಿ ಮಾಡುತ್ತದೆಯೇ ಎಂಬ ಅರ್ಥದ ಮಾತುಗಳಿವೆ. ನಮ್ಮ ಹೆಂಗಸರ ಉಸಿರು ಎಲ್ಲಿ ಸೋಲುತ್ತದೆ ಎಂದು ನಾನು ಬಲ್ಲೆ: ತುಂಬಿದ ಬಕೆಟ್ ಎತ್ತುವಾಗ, ಕಲ್ಲಿನ ಮೇಲೆ ಬಟ್ಟೆ ಒಗೆಯುವಾಗ, ನೆಲದ ಮೇಲೆ ಕುಳಿತು ಏಳುವಾಗ, ಬಸ್ಸು ನಿಲ್ಲುವುದರೊಳಗೆ ಹತ್ತಬೇಕಾದಾಗ, ಕಡಲೆಕಾಯಿ ಪರಿಷೆಯ ದಿನ ಇಲ್ಲೇ ದೊಡ್ಡ ಬಸವಣ್ಣನ ಗುಡಿಯ ಏರು ಹತ್ತುವಾಗ. ಪದಗಳ ಕಷ್ಟ ಇನ್ನೂ ಹೆಚ್ಚು. ಏದುಸಿರು, ಮೇಲುಸಿರು, ಉಬ್ಬಸ, ದಮ್ಮು ಇವೆಲ್ಲ ಒಂದೇ ಅಲ್ಲ. ದಮ್ಮು ಎಂದರೆ ಅನೇಕರಿಗೆ ಆಸ್ತಮಾ, ಹಾಗಾಗಿ ‘ದಮ್ಮು ಇದೆಯಾ’ ಎಂದು ಕೇಳಿದರೆ ಶ್ವಾಸಕೋಶ ನಾರುಗಟ್ಟಿದವರು ಪ್ರಾಮಾಣಿಕವಾಗಿ ಇಲ್ಲ ಎನ್ನುತ್ತಾರೆ. ನಾನು ಅತಿ ಹೆಚ್ಚು ಕೇಳುವ ಮಾತು ‘ಸುಸ್ತು ಡಾಕ್ಟ್ರೇ’ ಎಂಬುದು. ಆ ಸುಸ್ತಿನಲ್ಲಿ ಉಸಿರಿನ ಪಾಲೆಷ್ಟು, ರಕ್ತಹೀನತೆಯ ಪಾಲೆಷ್ಟು, ಮನೆಗೆಲಸದ ಪಾಲೆಷ್ಟು ಎಂದು ಬಿಡಿಸಿ ಕೇಳಲು ಪಕ್ಕದಲ್ಲಿ ಕುಳಿತು ಹತ್ತು ನಿಮಿಷ ಮಾತಾಡಬೇಕು. ಸಂಶೋಧನೆಯ ನಮೂನೆಯಲ್ಲಿ ಅದಕ್ಕೆ ಒಂದೇ ಒಂದು ಚೌಕವಿರುತ್ತದೆ.

ಈಗ ಮಕ್ಕಳ ವಿಷಯ. ಎದೆ ಮುಂದಕ್ಕೆ ಉಬ್ಬುವ ಪಾರಿವಾಳದೆದೆಯೂ, ಡಿ ವಿಟಮಿನ್ ಕೊರತೆಯ ರಿಕೆಟ್ಸ್‌ನಿಂದ ಪಕ್ಕೆಲುಬು ಸೊಟ್ಟಗಾಗುವುದೂ ಉಂಟು. ಅವುಗಳ ದಾರಿ ಬೇರೆ, ಇಂದು ಬಿಡುತ್ತೇನೆ. ಗುಳಿ ಬೀಳುವ ಎದೆ ಸುಮಾರು 300ರಿಂದ 400 ಮಕ್ಕಳಲ್ಲಿ ಒಬ್ಬರಿಗೆ, ಹುಡುಗರಲ್ಲಿ ಹೆಚ್ಚಾಗಿ ಕಾಣುತ್ತದೆ, ಹರೆಯದಲ್ಲಿ ಮೈ ಎತ್ತರಕ್ಕೆ ಬೆಳೆಯುವಾಗ ಆಳವಾಗುತ್ತದೆ. ತಾಯಿ ಮಲಗಿಸಿದ ರೀತಿಯಿಂದಾಗಲಿ ಮಗು ಬಗ್ಗಿ ಕುಳಿತದ್ದರಿಂದಾಗಲಿ ಇದು ಬರುವುದಿಲ್ಲ. ಈ ಮಾತನ್ನು ಇಲ್ಲಿರುವ ತಾಯಂದಿರು ದಯವಿಟ್ಟು ಮನೆಗೆ ಒಯ್ಯಬೇಕು.

1987ರಲ್ಲಿ ಹ್ಯಾಲರ್ ಎಂಬ ಶಸ್ತ್ರವೈದ್ಯರು ಸಿ.ಟಿ. ಸ್ಕ್ಯಾನಿನಲ್ಲಿ ಎದೆಯ ಅಗಲವನ್ನು ನಡುಮೂಳೆಗೂ ಬೆನ್ನುಮೂಳೆಗೂ ಇರುವ ಅಂತರದಿಂದ ಭಾಗಿಸುವ ಸೂಚ್ಯಂಕ ಕೊಟ್ಟರು. ಸಾಮಾನ್ಯವಾಗಿ ಅದು 2.5ರ ಆಸುಪಾಸು ಇರುತ್ತದೆ, 3.25 ದಾಟಿದರೆ ತೀವ್ರ. ಅದೇ ವರ್ಷ ಅಮೆರಿಕದ ನಾರ್ಫೋಕ್‌ನಲ್ಲಿ ಡೊನಾಲ್ಡ್ ನಸ್, ಮಕ್ಕಳ ಪಕ್ಕೆಲುಬಿನ ಮೃದ್ವಸ್ಥಿ ಬಾಗಬಲ್ಲದು, ಕತ್ತರಿಸಿ ತೆಗೆಯಬೇಕಿಲ್ಲ ಎಂದು ಯೋಚಿಸಿ, ಎರಡೂ ಪಕ್ಕಗಳ ಸಣ್ಣ ಗಾಯಗಳಿಂದ ಬಾಗಿದ ಲೋಹದ ಪಟ್ಟಿಯನ್ನು ನಡುಮೂಳೆಯ ಕೆಳಗೆ ತೂರಿಸಿ ಮಗುಚುವ ಶಸ್ತ್ರಕ್ರಿಯೆ ಮಾಡಿದರು. 1998ರಲ್ಲಿ 42 ಮಕ್ಕಳ ಅನುಭವ ಪ್ರಕಟವಾದ ಮೇಲೆ ಅದು ಲೋಕವೆಲ್ಲ ಹರಡಿತು. ಪಟ್ಟಿ ಎರಡು ಮೂರು ವರ್ಷ ಎದೆಯಲ್ಲೇ ಇರುತ್ತದೆ. ಮೊದಲ ದಿನಗಳ ನೋವು ಕಡಿಮೆಯದಲ್ಲ, ಪಟ್ಟಿ ಜರುಗುವುದುಂಟು, ಹೃದಯಕ್ಕೆ ಗಾಯವಾದ ಅಪರೂಪದ ಪ್ರಸಂಗಗಳೂ ದಾಖಲಾಗಿವೆ.

ಹೀಗೆ ಹರಡಿದ ಶಸ್ತ್ರಕ್ರಿಯೆಗೆ ಹೋಲಿಕೆಯ ಗುಂಪು ಎಲ್ಲಿ ಎಂದು 2014ರಲ್ಲಿ ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಹುಡುಕಿದಾಗ, ಮೃದ್ವಸ್ಥಿ ಕತ್ತರಿಸಿ ತೆಗೆಯುವ ಹಳೆಯ ವಿಧಾನಕ್ಕೂ ಹೊಸದಕ್ಕೂ ಚೀಟಿ ಎತ್ತಿ ಹೋಲಿಸಿದ ಒಂದು ಅಧ್ಯಯನವೂ ಸಿಗಲಿಲ್ಲ. 2019ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ, ಪ್ರಯೋಜನಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ಈ ಶಸ್ತ್ರಕ್ರಿಯೆಗೆ ವಾಡಿಕೆಯಾಗಿ ಹಣ ಕೊಡುವುದನ್ನು ನಿಲ್ಲಿಸಿತು. ಪುರಾವೆಯಿಲ್ಲ ಎಂಬುದು ಪ್ರಯೋಜನವಿಲ್ಲ ಎಂದಾಗುವುದಿಲ್ಲ. ಅದರ ಭಾರ ಮಾತ್ರ ಮಕ್ಕಳ ಮೇಲೆ ಬಿತ್ತು.

ಇನ್ನೊಂದು ಅಧ್ಯಯನ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. 2008ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ, 8ರಿಂದ 21 ವರ್ಷದವರನ್ನೂ ಅವರ ತಂದೆತಾಯಿಗಳನ್ನೂ ಶಸ್ತ್ರಕ್ರಿಯೆಗೆ ಮೊದಲು ಮತ್ತು ಒಂದು ವರ್ಷದ ನಂತರ ಪ್ರಶ್ನಿಸಿದವು. ತಮ್ಮ ಮೈಯ ಬಗ್ಗೆ ಮಕ್ಕಳಿಗಿದ್ದ ಭಾವನೆ ಬಹಳ ಸುಧಾರಿಸಿತ್ತು. ಆದರೆ ಶಸ್ತ್ರಕ್ರಿಯೆಗೆ ಮೊದಲು ಅವರು ಪಡುತ್ತಿದ್ದ ಮಾನಸಿಕ ಕಷ್ಟಕ್ಕೂ ಸ್ಕ್ಯಾನಿನ ಸೂಚ್ಯಂಕಕ್ಕೂ ಸಂಬಂಧ ಕಾಣಲಿಲ್ಲ. ಅಂದರೆ 3.3 ಇರುವ ಹುಡುಗ ನೊಂದು ಹೋಗಿರಬಹುದು, 5 ಇರುವವನು ನಗುನಗುತ್ತಾ ಈಜುತ್ತಿರಬಹುದು. ನನ್ನಲ್ಲಿಗೆ ಬಂದ ಒಬ್ಬ ಹುಡುಗನ ಸ್ಪೈರೋಮೀಟರ್ ಫಲಿತಾಂಶ ಪೂರ್ತಿ ಸರಿಯಿತ್ತು. ಅವನ ಅಪ್ಪ ಸಮಾಧಾನಪಟ್ಟರು. ಅಪ್ಪ ಹೊರಗೆ ಹೋದ ಮೇಲೆ ಆ ಹುಡುಗ, ತಾನು ನಾಲ್ಕು ವರ್ಷದಿಂದ ಅಣ್ಣನ ಎದುರಿಗೂ ಅಂಗಿ ಬಿಚ್ಚಿಲ್ಲ ಎಂದು ಹೇಳಿದ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಸಂಶೋಧನೆಗೆ ಸೇರಿಸಿಕೊಳ್ಳುವ ಮಗುವಿಗೆ ಏಳು ತುಂಬಿದ್ದರೆ ಅದರ ಬಾಯಿಮಾತಿನ ಸಮ್ಮತಿ, ಹನ್ನೆರಡು ದಾಟಿದ್ದರೆ ಬರಹದ ಸಮ್ಮತಿ ಬೇಕು, ಪಾಲಕರ ಸಹಿಯೊಂದೇ ಸಾಲದು. ಆ ಸಮ್ಮತಿಪತ್ರದ ಕನ್ನಡವನ್ನು ನಾನು ಹಲವು ಸಲ ಓದಿದ್ದೇನೆ. ಪದಕ್ಕೆ ಪದವಿಟ್ಟು ಅನುವಾದಿಸಿದ, ವಕೀಲರಿಗೂ ಉಸಿರು ಕಟ್ಟಿಸುವ ವಾಕ್ಯಗಳು ಅಲ್ಲಿರುತ್ತವೆ. ಹಿಂದಿನ ಸಾಲಿನ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇದು: ಮುಂದಿನ ಸಲ ಅಂಥ ಪತ್ರ ನಿಮ್ಮ ಕೈಗೆ ಬಂದಾಗ, ನೈತಿಕ ಸಮಿತಿಗೆ ಕಳುಹಿಸುವ ಮೊದಲು ಅದನ್ನು ಹನ್ನೆರಡು ವರ್ಷದ ಮಗುವೊಂದರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ, ಅದು ಎಲ್ಲಿ ತಡವರಿಸಿತೋ ಅಲ್ಲಿ ಗುರುತು ಹಾಕಿಕೊಳ್ಳಿ.