ಬ್ರಾಂಕೋಸ್ ನಿಜಕ್ಕೂ ಸುಧಾರಿಸಿತೇ? ಅಂಕಪಟ್ಟಿ ಹೇಳದ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಆಸ್ಟ್ರೇಲಿಯಾದ ರಗ್ಬಿ ಲೀಗ್ (ಎನ್‌ಆರ್‌ಎಲ್) ಅಂಕಪಟ್ಟಿಯಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ತಂಡ ಯಾವ್ಯಾವ ವರ್ಷ ಎಲ್ಲೆಲ್ಲಿ ನಿಂತಿತ್ತು ಅನ್ನುವುದನ್ನು ಮೊದಲು ಓದಿಬಿಡುತ್ತೇನೆ. 2020ರಲ್ಲಿ 16ನೇ ಸ್ಥಾನ, ಅಂದರೆ ಕಟ್ಟಕಡೆ. 2021ರಲ್ಲಿ 14. 2022ರಲ್ಲಿ 9. 2023ರಲ್ಲಿ 2. 2024ರಲ್ಲಿ 12. 2025ರಲ್ಲಿ 4ನೇ ಸ್ಥಾನ, ಅಲ್ಲಿಂದ ಅಕ್ಟೋಬರ್ 5ರ ಗ್ರ್ಯಾಂಡ್ ಫೈನಲ್, ಅಂದರೆ ಋತುವಿನ ಕೊನೆಯ ಪಂದ್ಯ, ಗೆದ್ದು ಪ್ರಶಸ್ತಿಯ ಕಪ್ಪು. 2006ರ ನಂತರ ಅವರಿಗೆ ಸಿಕ್ಕ ಮೊದಲ ಕಪ್ಪು ಅದು.

ಈ ಆರು ಅಂಕಿಗಳನ್ನು ಮುಂದಿಟ್ಟುಕೊಂಡು ಯಾರು ಯಾವ ವಾದ ಬೇಕಾದರೂ ಗೆಲ್ಲಬಹುದು. ಏರಿತು ಅನ್ನುವವರಿಗೂ ಸಾಕ್ಷಿ ಇದೆ, ಬರೀ ಅದೃಷ್ಟ ಅನ್ನುವವರಿಗೂ ಇದೆ. ಐದು ಚಳಿಗಾಲ ಬ್ರಿಸ್ಬೇನಿನ ಅಭಿಮಾನಿಗಳು ಮಾಡಿದ್ದು ಇದೇ ಜಗಳ. ತಂಡ ಎಷ್ಟನೇ ಸ್ಥಾನದಲ್ಲಿದೆ ಅಂತ ನೋಡುವ ಬದಲು, ಅಂಕಗಳು ಎಲ್ಲಿ, ಯಾವ ಹೊತ್ತಿನಲ್ಲಿ ಸೋರುತ್ತಿವೆ ಅಂತ ನೋಡಿದ್ದರೆ ಜಗಳ ಅರ್ಧಕ್ಕೆ ಇಳಿಯುತ್ತಿತ್ತು ಅನ್ನುವುದು ನನ್ನ ವಾದ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮಲ್ಲಿ 2025ರಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್, ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದು, ರಗ್ಬಿ ಯೂನಿಯನ್ ಅನ್ನುವ ಇನ್ನೊಂದು ಬಗೆಯ, ಏಳು ಜನರ ಆಟ. ಇದು ಬೇರೆ. ರಗ್ಬಿ ಲೀಗ್‌ನಲ್ಲಿ ಒಂದೊಂದು ತಂಡಕ್ಕೆ 13 ಜನ, 80 ನಿಮಿಷ. ಚೆಂಡು ಸಿಕ್ಕ ತಂಡವನ್ನು ಆರು ಸಲ ಹಿಡಿದು ಕೆಡವಿದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಹಾಗಾಗಿ ಐದನೇ ಟ್ಯಾಕಲ್ ಆದ ಮೇಲೆ ಸಾಮಾನ್ಯವಾಗಿ ಕಿಕ್ ಮಾಡುತ್ತಾರೆ. ಈ ಒಂದು ಸುತ್ತಿಗೆ ಸೆಟ್ ಅನ್ನುತ್ತಾರೆ. ಪ್ರತಿ ಟ್ಯಾಕಲ್ ಆದಾಗಲೂ ರಕ್ಷಣೆಯ ಸಾಲು 10 ಮೀಟರ್ ಹಿಂದೆ ಸರಿಯಬೇಕು. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ, ಅದಕ್ಕೆ 4 ಅಂಕ. ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಕನ್ವರ್ಷನ್, ಅದಕ್ಕೆ 2. ಕಬಡ್ಡಿ ನೋಡಿದ ಕಣ್ಣಿಗೆ ಹಿಡಿತ ಹೊಸದಲ್ಲ. ಆದರೆ ಇಲ್ಲಿ ಹಿಡಿದವನು ತಕ್ಷಣ ಎದ್ದು, ಹಿಂದೆ ಓಡಿ, ಮತ್ತೆ ಹಿಡಿಯಬೇಕು. ಒಂದು ಪಂದ್ಯದಲ್ಲಿ ಒಬ್ಬನೇ 40 ಸಲ ಹಿಡಿಯುವುದು ವಿಶೇಷವೇನಲ್ಲ.

ಈಗ ಒಂದು ಸೆಟ್ಟನ್ನು ಹತ್ತಿರದಿಂದ ನೋಡೋಣ. ಚೆಂಡು ನಮ್ಮ ಟ್ರೈ ಗೆರೆಯಿಂದ 10 ಮೀಟರ್ ಮುಂದೆ ಸಿಕ್ಕಿತು ಅಂದುಕೊಳ್ಳಿ. ಮೊದಲ ಎರಡು ಓಟ ಅಂಚಿನಲ್ಲಿ ಆಡುವ ವಿಂಗರ್ ಮತ್ತು ಸೆಂಟರ್‌ಗಳದ್ದು, ಆಮೇಲೆ ಮುಂಚೂಣಿಯ ಭಾರಿ ಆಳುಗಳಾದ ಪ್ರಾಪ್‌ಗಳದ್ದು. ಕೆಳಗೆ ಬಿದ್ದವನು ಮೂರು ಸೆಕೆಂಡಿನೊಳಗೆ ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದರೆ, ಎದುರಿನ ಸಾಲು ಇನ್ನೂ ಹಿಂದೆ ಸರಿಯುತ್ತಲೇ ಇರುತ್ತದೆ. ಮುಂದಿನ ಓಟಗಾರನಿಗೆ ಎರಡು ಮೂರು ಮೀಟರ್ ಪುಕ್ಕಟೆ. ಹೀಗೆ ಐದು ಟ್ಯಾಕಲ್ ಆಗುವಷ್ಟರಲ್ಲಿ ತಂಡ ನಡುಗೆರೆ ತಲುಪಿರುತ್ತದೆ. ಅಲ್ಲಿಂದ ಕಿಕ್. ಹಿಂಬಾಲಿಸಿದವರು ಚೆಂಡು ಹಿಡಿದವನನ್ನು ಅವನದೇ 15 ಮೀಟರ್ ಗೆರೆಯ ಬಳಿ ಕೆಡವುತ್ತಾರೆ.

ಕೆಟ್ಟ ಸೆಟ್ ಹೀಗಿರುತ್ತದೆ: ಎರಡನೇ ಟ್ಯಾಕಲ್‌ನಲ್ಲಿ ಓಟಗಾರನನ್ನು ಮೂವರು ಸೇರಿ ಬೆನ್ನ ಮೇಲೆ ಮಲಗಿಸುತ್ತಾರೆ. ಅವನು ಏಳುವುದಕ್ಕೆ ನಾಲ್ಕೂವರೆ ಸೆಕೆಂಡು. ಅಷ್ಟರಲ್ಲಿ ಎದುರಿನ ಸಾಲು ಸಜ್ಜಾಗಿ ಮುಂದೆ ನುಗ್ಗಿ ಬರುತ್ತದೆ. ಮುಂದಿನ ಓಟಗಾರ ನಿಂತಲ್ಲೇ ಬೀಳುತ್ತಾನೆ. ಕಿಕ್ ಬರುವುದು ನಮ್ಮದೇ 30 ಮೀಟರಿನಿಂದ. ಎದುರಾಳಿಗೆ ಚೆಂಡು ಅವನ 35–40 ಮೀಟರಿನಲ್ಲಿ ಸಿಗುತ್ತದೆ. ಈ ಎರಡು ಸೆಟ್‌ಗಳ ನಡುವಿನ ವ್ಯತ್ಯಾಸ 20ರಿಂದ 25 ಮೀಟರ್. ಅಂಕಫಲಕದಲ್ಲಿ ಏನೂ ಕಾಣುವುದಿಲ್ಲ. ಆದರೆ ಇದೇ ನಾಲ್ಕು ಸಲ ಆದರೆ ನೀವು ನಿಮ್ಮ ಟ್ರೈ ಗೆರೆಯ ಮೇಲೆ ನಿಂತು ತಡೆಯುತ್ತಿರುತ್ತೀರಿ, ಐದನೇ ಸಲ ಟ್ರೈ ಬೀಳುತ್ತದೆ. ಟ್ರೈ ಬಿಟ್ಟವನನ್ನು ಎಲ್ಲರೂ ಬೈಯುತ್ತಾರೆ. ತಪ್ಪು ಆಗಿದ್ದು ಹತ್ತು ನಿಮಿಷ ಮುಂಚೆ.

ಸೆಟ್ ಪೂರ್ಣಗೊಳಿಸಿದ ಪ್ರಮಾಣ ಅಂತ ಒಂದು ಅಂಕಿ ಟಿವಿಯಲ್ಲಿ ಪದೇ ಪದೇ ಬರುತ್ತದೆ. ಚೆಂಡು ಕೈಜಾರದೆ ಎಷ್ಟು ಸೆಟ್ ಮುಗಿಸಿದಿರಿ ಅನ್ನುವುದು ಅದು. 80 ಶೇಕಡ ದಾಟಿದರೆ ಕಾಮೆಂಟೇಟರ್‌ಗಳು ತಲೆದೂಗುತ್ತಾರೆ. ಅದಕ್ಕೆ ಅಷ್ಟು ಬೆಲೆ ಕೊಡಬೇಕಿಲ್ಲ. ಯಾವ ಪಾಸನ್ನೂ ಪ್ರಯತ್ನಿಸದೆ ಗೋಡೆಗೆ ಡಿಕ್ಕಿ ಹೊಡೆಯುತ್ತಾ ಹೋದರೂ 85 ಬರುತ್ತದೆ, ಪಂದ್ಯ ಮಾತ್ರ ಸೋಲುತ್ತೀರಿ. ತಪ್ಪಿದ ಟ್ಯಾಕಲ್‌ಗಳ ಲೆಕ್ಕವೂ ಹಾಗೇ. ಮುಂದೆ ನುಗ್ಗಿ ಹಿಡಿಯುವ ತಂಡಕ್ಕೆ ತಪ್ಪುಗಳು ಹೆಚ್ಚು, ಆದರೆ ಪಕ್ಕದವನು ಬಂದು ಮುಚ್ಚಿದರೆ ನಷ್ಟವಿಲ್ಲ. ನೋಡಬೇಕಾದ್ದು ಇದು: ನಮ್ಮವರು ಚೆಂಡು ಕೈಚೆಲ್ಲಿದ ಮರುಸೆಟ್ಟಿನಲ್ಲಿ ಏನಾಯಿತು? ಆ ಒಂದು ಸೆಟ್ಟನ್ನು ತಡೆದರೇ, ಟ್ರೈ ಬಿಟ್ಟರೇ? ಕಾಗದ ಪೆನ್ನು ಹಿಡಿದು ಕೂತ ಯಾರಾದರೂ ಇದನ್ನು ಗುರುತಿಸಬಹುದು. ಹತ್ತರಲ್ಲಿ ಎಂಟು ಸಲ ತಡೆದರೆ ಆ ತಂಡದಲ್ಲಿ ಏನೋ ಗಟ್ಟಿಯಾಗುತ್ತಿದೆ.

ಇನ್ನು ಋತುವಿನ ಲೆಕ್ಕ. ಕ್ರಿಕೆಟ್‌ನಲ್ಲಿ ನೆಟ್ ರನ್ ರೇಟ್ ಇದ್ದ ಹಾಗೆ ಇಲ್ಲಿ ಅಂಕ ವ್ಯತ್ಯಾಸ. ಅದರಿಂದ ಗೆಲುವನ್ನು ಅಂದಾಜಿಸುವ ಒಂದು ಸೂತ್ರ ಬೇಸ್‌ಬಾಲ್‌ನಿಂದ ಬಂದಿದೆ. ಗಳಿಸಿದ ಅಂಕಗಳನ್ನು ವರ್ಗ ಮಾಡಿ. ಬಿಟ್ಟುಕೊಟ್ಟ ಅಂಕಗಳನ್ನೂ ವರ್ಗ ಮಾಡಿ. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ, ಆಡಿದ ಪಂದ್ಯಗಳಿಂದ ಗುಣಿಸಿ. ಬ್ರಾಂಕೋಸ್ 2020ರಲ್ಲಿ 20 ಪಂದ್ಯ ಆಡಿ 268 ಗಳಿಸಿ 624 ಬಿಟ್ಟಿತು. ಸೂತ್ರ ಹೇಳುವ ಗೆಲುವು 3.1, ನಿಜವಾಗಿ ಗೆದ್ದದ್ದು 3. ಇಲ್ಲಿ ದುರದೃಷ್ಟದ ಮಾತೇ ಇಲ್ಲ, ತಂಡ ಅಷ್ಟೇ ಕೆಟ್ಟದಾಗಿತ್ತು. 1988ರಲ್ಲಿ ಹುಟ್ಟಿದ ಕ್ಲಬ್ಬಿಗೆ ಮೊದಲ ಬಾರಿಗೆ ಕೊನೆಯ ಸ್ಥಾನದ ‘ಮರದ ಚಮಚ’ ಸಿಕ್ಕಿದ್ದು ಆ ವರ್ಷ.

ಮಜಾ ಏನೆಂದರೆ, ಆ ವರ್ಷದ ಮೊದಲ ಎರಡೂ ಪಂದ್ಯ ಅವರು ಗೆದ್ದಿದ್ದರು. ನಾರ್ತ್ ಕ್ವೀನ್ಸ್‌ಲ್ಯಾಂಡ್ ಮೇಲೆ 28–21, ಸೌತ್ ಸಿಡ್ನಿ ಮೇಲೆ 22–18. ಆಮೇಲೆ ಕೋವಿಡ್ ವಿರಾಮ. ಮೇ 28ರಂದು ಆಟ ಮತ್ತೆ ಶುರುವಾದಾಗ ನಿಯಮ ಬದಲಾಗಿತ್ತು. ಟ್ಯಾಕಲ್ ಆದಲ್ಲಿ ರಕ್ಷಕರು ಎಳೆದಾಡಿದರೆ ಪೆನಾಲ್ಟಿ ಬದಲು ಆರು ಟ್ಯಾಕಲ್ ಮತ್ತೆ ಮೊದಲಿನಿಂದ. ಪೆನಾಲ್ಟಿ ಇದ್ದಾಗ ಸಿಗುತ್ತಿದ್ದ ಉಸಿರಾಟದ ಬಿಡುವು ಹೋಯಿತು. ಪ್ಯಾರಮಾಟ 34–6ರಿಂದ ಸೋಲಿಸಿತು, ಮರುವಾರ ಸಿಡ್ನಿ ರೂಸ್ಟರ್ಸ್ 59–0. ಉಳಿದ 18 ಪಂದ್ಯಗಳಲ್ಲಿ ಗೆಲುವು ಒಂದೇ ಒಂದು. ಮೊದಲ ಎರಡು ಗೆಲುವನ್ನು ನೋಡಿ ಮಾರ್ಚ್‌ನಲ್ಲಿ ಬೀಗಿದವರು ಪಾಪ, ಎರಡು ಪಂದ್ಯದ ಮೇಲೆ ಮನೆ ಕಟ್ಟಿದ್ದರು.

2022ಕ್ಕೆ ಬನ್ನಿ, ಜಗಳ ರಂಗೇರುವುದು ಇಲ್ಲಿ. ಸೌತ್ ಸಿಡ್ನಿಯಿಂದ ಆ್ಯಡಮ್ ರೆನಾಲ್ಡ್ಸ್ ಹಾಫ್‌ಬ್ಯಾಕ್ ಆಗಿ, ಅಂದರೆ ದಾಳಿ ನಡೆಸುವ, ಕಿಕ್ ಮಾಡುವ ಆಟಗಾರನಾಗಿ, ಬಂದರು. ಸೆಟ್ಟಿನ ಕೊನೆಯ ಕಿಕ್ ಎಲ್ಲಿ ಬೀಳಬೇಕೋ ಅಲ್ಲಿ ಬೀಳತೊಡಗಿತು. ಮೇಲೆ ಹೇಳಿದ ಒಳ್ಳೆಯ ಸೆಟ್ಟಿನ ಕೊನೆಯ ತುಂಡು ಅದೇ. 13 ಗೆಲುವು, 11 ಸೋಲು. ಆದರೆ ಗಳಿಸಿದ್ದು 514, ಬಿಟ್ಟದ್ದು 550. ಸೂತ್ರದ ಪ್ರಕಾರ 11 ಗೆಲುವಿನ ತಂಡ. ‘ಅದೃಷ್ಟವಂತರು’ ಅಂದರು ಒಂದು ಗುಂಪಿನವರು.

ಆ 550 ಎಲ್ಲಿಂದ ಬಂತು ಅಂತ ನೋಡಬೇಕು. ಕೊನೆಯ ಮೂರು ಪಂದ್ಯ, ಮೂರೂ ಸೋಲು: ಮೆಲ್ಬರ್ನ್ 60–12, ಪ್ಯಾರಮಾಟ 53–6, ಸೇಂಟ್ ಜಾರ್ಜ್ ಇಲಾವಾರ 22–12. ಮೂರರಲ್ಲಿ ಬಿಟ್ಟದ್ದು 135. ಅದನ್ನು ತೆಗೆದರೆ ಉಳಿದ 21 ಪಂದ್ಯಕ್ಕೆ 484–415, ಪಂದ್ಯಕ್ಕೆ ಬಿಟ್ಟದ್ದು 20ಕ್ಕಿಂತ ಸ್ವಲ್ಪ ಕಡಿಮೆ. 2020ರಲ್ಲಿ ಇದೇ ಸರಾಸರಿ 31 ಇತ್ತು. ಈಗ ಹೇಳಿ, ಸುಧಾರಿಸಿದೆಯೋ ಇಲ್ಲವೋ? ‘ಮೂರು ಪಂದ್ಯ ಮರೆತುಬಿಡಿ’ ಅನ್ನುವವರೂ, ‘ಆ ಮೂರೇ ಅಸಲಿ’ ಅನ್ನುವವರೂ ಇಬ್ಬರೂ ಅರ್ಧ ಸರಿ. ಪ್ರಶ್ನೆಗಳೇ ಎರಡು ಇದ್ದವು. ತಂಡದ ಸಾಮಾನ್ಯ ಮಟ್ಟ ಏರಿದೆಯೇ ಅನ್ನುವುದು ಒಂದು. ದಣಿದಾಗ, ಹೊಡೆತ ಬಿದ್ದಾಗ ನಿಲ್ಲುತ್ತದೆಯೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೌದು, ಎರಡನೆಯದಕ್ಕೆ ಖಡಾಖಂಡಿತ ಇಲ್ಲ.

2023 ಎರಡನ್ನೂ ಒಟ್ಟಿಗೆ ತೋರಿಸಿತು. ರೀಸ್ ವಾಲ್ಶ್ ಫುಲ್‌ಬ್ಯಾಕ್ ಆಗಿ, ಅಂದರೆ ಎಲ್ಲರ ಹಿಂದೆ ನಿಲ್ಲುವ ಆಟಗಾರನಾಗಿ, ಮರಳಿದರು. 639 ಗಳಿಸಿ 425 ಬಿಟ್ಟು 18 ಗೆಲುವು. ಪಂದ್ಯಕ್ಕೆ ಬಿಟ್ಟದ್ದು 18ರೊಳಗೆ. ಗ್ರ್ಯಾಂಡ್ ಫೈನಲ್‌ನಲ್ಲಿ ಎಜ್ರಾ ಮ್ಯಾಮ್ ಮೂರು ಟ್ರೈ ಹೊಡೆದು, ಪೆನ್ರಿತ್ ಮೇಲೆ 24–8 ಮುನ್ನಡೆ. ಉಳಿದದ್ದು ಸುಮಾರು 20 ನಿಮಿಷ. ಅಷ್ಟರಲ್ಲಿ ನೇಥನ್ ಕ್ಲೀರಿಯ ಪೆನ್ರಿತ್ ಮೂರು ಟ್ರೈ, ಮೂರು ಕನ್ವರ್ಷನ್ ಸೇರಿ 18 ಅಂಕ ಹೊಡೆದು 26–24ರಿಂದ ಗೆದ್ದಿತು. ಆ ಹೊತ್ತಿನಲ್ಲಿ ಬ್ರಾಂಕೋಸ್ ತಮ್ಮ ಗೆರೆಯಿಂದ ಹೊರಬರಲು ಹೆಣಗುತ್ತಿತ್ತು. ಹಿಂದಿನ ವರ್ಷದ ಅದೇ ಸೋರಿಕೆ, ಹೆಚ್ಚು ಬೆಲೆಯ ಪಂದ್ಯದಲ್ಲಿ.

2024ರ ಕುಸಿತಕ್ಕೆ ಕಾರಣಗಳು ಕಣ್ಣ ಮುಂದೇ ಇದ್ದವು. ಥಾಮಸ್ ಫ್ಲೆಗ್ಲರ್, ಹರ್ಬಿ ಫಾರ್ನ್‌ವರ್ತ್ ಡಾಲ್ಫಿನ್ಸ್‌ಗೆ ಹೋದರು, ಕರ್ಟ್ ಕೇಪ್‌ವೆಲ್ ವಾರಿಯರ್ಸ್‌ಗೆ. ರೆನಾಲ್ಡ್ಸ್, ವಾಲ್ಶ್ ಗಾಯಗೊಂಡು ಹಲವು ವಾರ ಹೊರಗೆ. 10 ಗೆಲುವು, 14 ಸೋಲು. ಕೋಚ್ ಕೆವಿನ್ ವಾಲ್ಟರ್ಸ್ ಜಾಗಕ್ಕೆ ಮೈಕಲ್ ಮ್ಯಾಗ್ವಾಯರ್ ಬಂದರು.

ಋತುವಿನ ನಡುವೆ ತಂಡವನ್ನು ಅಳೆಯುವವರು ಬೀಳುವ ಗುಂಡಿಗಳು ಇನ್ನೂ ಕೆಲವಿವೆ. ಎನ್‌ಆರ್‌ಎಲ್‌ನಲ್ಲಿ ಆಡದ ವಾರಕ್ಕೂ, ಅಂದರೆ ಬೈಗೂ, ಅಂಕಪಟ್ಟಿಯಲ್ಲಿ 2 ಅಂಕ. 27 ಸುತ್ತಿನಲ್ಲಿ ಪ್ರತಿ ತಂಡಕ್ಕೂ ಮೂರು ಬೈ. ಮೂರನ್ನೂ ಬೇಗ ಮುಗಿಸಿದ ತಂಡ ಜುಲೈನಲ್ಲಿ ಮನೆಯಲ್ಲಿ ಕೂತು ಗಳಿಸಿದ 6 ಅಂಕ ಇಟ್ಟುಕೊಂಡು ಮೇಲೆ ಕಾಣುತ್ತದೆ. ಆದ್ದರಿಂದ ಅಂಕ ಬಿಟ್ಟು ಸೋಲುಗಳನ್ನು ಎಣಿಸಿ. ಇನ್ನೊಂದು, ಸ್ಟೇಟ್ ಆಫ್ ಒರಿಜಿನ್. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ನಡುವಿನ ಆ ಮೂರು ಪಂದ್ಯಗಳಿಗೆ ಬ್ರಾಂಕೋಸ್‌ನ ಪೇನ್ ಹಾಸ್, ಪ್ಯಾಟ್ರಿಕ್ ಕ್ಯಾರಿಗನ್ ಅಂಥವರು ಹೊರಟುಹೋಗುತ್ತಾರೆ. ಆ ವಾರಗಳ ಫಲಿತಾಂಶವನ್ನು ಬೇರೆ ಪುಟದಲ್ಲಿ ಬರೆದಿಡಿ. ಹೋದ ವರ್ಷದ ಸರಾಸರಿಯ ಜೊತೆ ಹೋಲಿಸುವಾಗ ಇಡೀ ಲೀಗ್‌ನ ಸರಾಸರಿಯನ್ನೂ ಪಕ್ಕದಲ್ಲಿಡಿ. ನಿಯಮ ಬದಲಾದರೆ ಎಲ್ಲರ ಅಂಕವೂ ಏರುತ್ತದೆ, ಆಗ ನಿಮ್ಮ ತಂಡದ ದಾಳಿ ಮಾತ್ರ ಚುರುಕಾಯಿತು ಅಂತ ಹಿಗ್ಗುವುದರಲ್ಲಿ ಅರ್ಥವಿಲ್ಲ. ಕೊನೆಯದಾಗಿ, 6 ಅಂಕದೊಳಗಿನ ಗೆಲುವನ್ನು ಅರ್ಧ ಗೆಲುವು, ಅಂಥ ಸೋಲನ್ನು ಅರ್ಧ ಸೋಲು ಅಂತ ಬರೆಯಿರಿ. ಒಂದು ಪುಟಿತ, ಒಂದು ಶಿಳ್ಳೆಯಲ್ಲಿ ಅದು ತಿರುಗುಮುರುಗಾಗುತ್ತಿತ್ತು.

ಈ ಕೊನೆಯ ನಿಯಮವನ್ನು 2025ರ ಕೊನೆಯ ಮೂರು ಪಂದ್ಯಕ್ಕೂ ಹಚ್ಚಬೇಕಲ್ಲ. ಕ್ಯಾನ್‌ಬೆರಾ ಮೇಲೆ ಗೋಲ್ಡನ್ ಪಾಯಿಂಟ್‌ನಲ್ಲಿ, ಅಂದರೆ ಸಮವಾದ ಮೇಲೆ ಮೊದಲು ಅಂಕ ಹೊಡೆದವರು ಗೆಲ್ಲುವ ಹೆಚ್ಚುವರಿ ಆಟದಲ್ಲಿ, 29–28. ಪೆನ್ರಿತ್ ಮೇಲೆ 16–14. ಗ್ರ್ಯಾಂಡ್ ಫೈನಲ್‌ನಲ್ಲಿ ಮೆಲ್ಬರ್ನ್ ಮೇಲೆ 26–22. ಮೂರೂ 6ರೊಳಗೆ. ನನ್ನ ಲೆಕ್ಕದಲ್ಲಿ ಕಪ್ಪು ಬಂದದ್ದು ಒಂದೂವರೆ ಗೆಲುವಿನಿಂದ! ಅದೃಷ್ಟ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಅದೇ ಜೂನ್‌ನಲ್ಲಿ 18ನೇ ಪ್ರಯತ್ನಕ್ಕೆ ಐಪಿಎಲ್ ಕಪ್ಪು ಕಂಡ ನಮ್ಮ ಆರ್‌ಸಿಬಿ ಅಭಿಮಾನಿಗಳಿಗೆ ಈ ವಾದ ರುಚಿಸಲಿಕ್ಕಿಲ್ಲ, ಅವರ ಫೈನಲ್ ಕೂಡ 6 ರನ್‌ನದೇ.

ಅಂಕಗಳು ಯಾವ ಹೊತ್ತಿನಲ್ಲಿ ಬಂದವು ಅಂತ ನೋಡಿದರೆ ಚಿತ್ರ ಬೇರೆ. ಕ್ಯಾನ್‌ಬೆರಾ ವಿರುದ್ಧ 12–28 ಹಿಂದಿದ್ದರು. ಪೆನ್ರಿತ್ ವಿರುದ್ಧ ಅರ್ಧಾವಧಿಗೆ 0–14, ಆ ಪೆನ್ರಿತ್ ಎರಡನೇ ಅರ್ಧದಲ್ಲಿ ಒಂದು ಅಂಕವನ್ನೂ ಸೇರಿಸಲಿಲ್ಲ. ಮೆಲ್ಬರ್ನ್ ಅರ್ಧಾವಧಿಗೆ 22–12 ಮುಂದಿತ್ತು, ಅದೂ 22ರಲ್ಲೇ ನಿಂತಿತು. ಸತತ ಎರಡು ವಾರ, ಆಸ್ಟ್ರೇಲಿಯಾದ ಎರಡು ದೊಡ್ಡ ತಂಡಗಳಿಗೆ, ದಣಿವಿನ 40 ನಿಮಿಷದಲ್ಲಿ ಸೊನ್ನೆ. ಫೈನಲ್‌ನ ಕೊನೆಯ ನಿಮಿಷಗಳಲ್ಲಿ ಮೆಲ್ಬರ್ನ್‌ನ ರಯಾನ್ ಪ್ಯಾಪೆನ್‌ಹೈಜನ್ ಚೆಂಡು ಹಿಡಿದು ಸಾಲು ದಾಟಿ ಬಂದಾಗ, ಎದುರಿಗಿದ್ದ ವಾಲ್ಶ್ ಅವನನ್ನು ಹಿಡಿದು ಕೆಡವಿದ. 2023ರಲ್ಲಿ ಸೋರಿದ ಜಾಗ ಅದೇ ಆಗಿತ್ತು.