ಬುಧವಾರ ಬೆಳಿಗ್ಗೆ ತೀರ್ಮಾನ ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ.

ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ, ನೀವು ಮೈಸೂರಲ್ಲೋ ಹಾಸನದಲ್ಲೋ ಧಾರವಾಡದಲ್ಲೋ ಇದ್ದೀರಿ. ಅಲ್ಲಿ ಚುನಾವಣೆ ಬಂತು ಅಂದರೆ ಇಲ್ಲಿ ನಿಮಗೆ ನಿದ್ದೆ ಹತ್ತುವುದಿಲ್ಲ. ಇವತ್ತು ನಾನು ಮಾತಾಡುತ್ತಿರುವುದು ಮುಖ್ಯವಾಗಿ ನಿಮ್ಮ ಜೊತೆ. 2026ರ ನವೆಂಬರ್ 3, ಮಂಗಳವಾರ, ಅಲ್ಲಿ ಮತದಾನ. ನಮ್ಮ ಟಿವಿಯಲ್ಲಿ ಅಂಕಿ ಓಡಾಡಲು ಶುರುವಾಗುವುದು ಬುಧವಾರ ಬೆಳಿಗ್ಗೆ. ನಾನು ಹೇಳಬೇಕಾಗಿರುವುದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬುಧವಾರ ಬೆಳಿಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮ ಪತ್ರಿಕೆಗಳು ಇದನ್ನು ಮಧ್ಯಂತರ ಚುನಾವಣೆ ಅಂತ ಬರೆಯುತ್ತವೆ. ಆ ಪದ ಕೇಳಿದ ಕೂಡಲೇ ನಮಗೆ ಏನು ನೆನಪಾಗುತ್ತದೆ? ಸರ್ಕಾರ ಹೋಯಿತು, ಸದನ ವಿಸರ್ಜನೆ ಆಯಿತು, ಅವಧಿಗೆ ಮುಂಚೆ ಚುನಾವಣೆ ಬಂತು. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ನಮ್ಮ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷ ಗೆದ್ದಿದ್ದು ನಾಲ್ಕೇ ನಾಲ್ಕು. ಆಗ ಮುಖ್ಯಮಂತ್ರಿಯಾಗಿದ್ದ, ಅದೇ ಪಕ್ಷದ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು, ವಿಧಾನಸಭೆ ವಿಸರ್ಜನೆ ಆಯಿತು. 1985ರ ಮಾರ್ಚ್‌ನಲ್ಲಿ ಮತ್ತೆ ಜನರ ಮುಂದೆ ಹೋಗಿ 139 ಸ್ಥಾನ ಗೆದ್ದು ಬಂದರು. ಅದು ಮಧ್ಯಂತರ.

ಅಮೆರಿಕದಲ್ಲಿ ಹಾಗೇನೂ ಇಲ್ಲ. ಯಾರೂ ಬಿದ್ದಿಲ್ಲ, ಯಾವುದೂ ವಿಸರ್ಜನೆ ಆಗಿಲ್ಲ. ಅಧ್ಯಕ್ಷರ ಅವಧಿ ನಾಲ್ಕು ವರ್ಷ. ಅದರ ನಟ್ಟನಡುವೆ, ನವೆಂಬರ್‌ನ ಮೊದಲ ಸೋಮವಾರದ ಮರುದಿನ, ಪಂಚಾಂಗದಲ್ಲಿ ಹಬ್ಬ ಬರೆದಿಟ್ಟ ಹಾಗೆ ಈ ಚುನಾವಣೆ ಬರುತ್ತದೆ. ಅಧ್ಯಕ್ಷರ ಹೆಸರು ಮತಪತ್ರದಲ್ಲಿ ಇರುವುದೇ ಇಲ್ಲ. ಅವರ ಪಕ್ಷ ಎಷ್ಟೇ ಸೀಟು ಕಳೆದುಕೊಂಡರೂ ಅವರು ಕುರ್ಚಿ ಬಿಡಬೇಕಿಲ್ಲ.

ಹಾಗಾದರೆ ಆರಿಸುವುದು ಯಾರನ್ನು? ಹೌಸ್ ಅನ್ನುವ ಕೆಳಮನೆ ಇದೆ, ನಮ್ಮ ಲೋಕಸಭೆ ಇದ್ದ ಹಾಗೆ. ಅದರ 435 ಸ್ಥಾನಕ್ಕೂ ಎರಡು ವರ್ಷಕ್ಕೊಮ್ಮೆ ಚುನಾವಣೆ. ಸೆನೆಟ್ ಅನ್ನುವ ಮೇಲ್ಮನೆಯಲ್ಲಿ 100 ಜನ, ಅವರದು ಆರು ವರ್ಷ, ಪ್ರತಿ ಸಲ ಸುಮಾರು ಮೂರನೇ ಒಂದು ಭಾಗ ಮಾತ್ರ ಕಣಕ್ಕೆ. ಜೊತೆಗೆ ಹಲವು ರಾಜ್ಯಗಳ ಗವರ್ನರ್‌ಗಳು. ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಥರ ಅಲ್ಲ, ಮುಖ್ಯಮಂತ್ರಿ ಥರ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಡೀ ದೇಶದ ಮತವನ್ನು ಒಂದೇ ದಿನ ಎಣಿಸಿ ಸಂಜೆಯೊಳಗೆ ಫಲಿತಾಂಶ ಕೊಡುವ ನಮ್ಮಂಥ ಚುನಾವಣಾ ಆಯೋಗ ಅಲ್ಲಿಲ್ಲ. ರಾಜ್ಯಕ್ಕೊಂದು ಕಾನೂನು. ಹೆಚ್ಚಿನ ಕಡೆ ಮತ ಎಣಿಸುವುದು ಕೌಂಟಿಯವರು, ನಮ್ಮ ಲೆಕ್ಕದಲ್ಲಿ ಜಿಲ್ಲಾ ಕಚೇರಿ ಅನ್ನಿ. ರಾತ್ರಿ ಟಿವಿಯಲ್ಲಿ ಇಂಥವರು ಗೆದ್ದರು ಅಂತ ಬರುತ್ತದಲ್ಲ, ಅದು ಸರ್ಕಾರದ ಘೋಷಣೆ ಅಲ್ಲವೇ ಅಲ್ಲ. ಅಸೋಸಿಯೇಟೆಡ್ ಪ್ರೆಸ್‌ನಂಥ ಸುದ್ದಿಸಂಸ್ಥೆಯವರು ಲೆಕ್ಕ ಹಾಕಿ ಹೇಳುವುದು. ಪಕ್ಕಾ ಲೆಕ್ಕ ಬರಲು ವಾರಗಳೇ ಬೇಕು. ನಮ್ಮ ಕಣ್ಣಿಗೆ ಒಂದೇ ಚುನಾವಣೆಯಾಗಿ ಕಾಣುವುದು ಅಲ್ಲಿ ನೂರಾರು ಬೇರೆ ಬೇರೆ ಚುನಾವಣೆಗಳು, ಒಂದೊಂದರ ಗಡಿಯಾರ ಒಂದೊಂದು ಥರ.

ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಮನಸ್ಸಿಗೆ ನಾಟಿದ್ದು 2018ರ ನವೆಂಬರ್ 7ರಂದು. ಅವತ್ತು ದೀಪಾವಳಿ ಅಮಾವಾಸ್ಯೆ. ನಾನಾಗ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಮಧ್ಯಾಹ್ನ ಒಂದೂವರೆ ಇರಬಹುದು, ನಮ್ಮ ಎದುರು ಮನೆಯ ಅಕ್ಕ ಬಂದರು. ಒಂದು ಕೈಯಲ್ಲಿ ಸ್ಟೀಲ್ ಡಬ್ಬಿ ತುಂಬಾ ಕಜ್ಜಾಯ, ಇನ್ನೊಂದು ಕೈಯಲ್ಲಿ ಫೋನ್. ಮುಖ ಸಪ್ಪಗಿತ್ತು. ಅವರ ಮಗಳು ಕ್ಯಾಲಿಫೋರ್ನಿಯಾದ ಫುಲರ್ಟನ್ ಅನ್ನುವ ಊರಲ್ಲಿದ್ದಾಳೆ, ಆರೆಂಜ್ ಕೌಂಟಿ. ಅದೇ ವರ್ಷ ಅಲ್ಲಿನ ಪ್ರಜೆಯಾಗಿದ್ದಳು, ಅದು ಅವಳ ಮೊದಲ ಮತ. ಅಲ್ಲಿ ಆಗ ನಡುರಾತ್ರಿ, ಮಲಗುವ ಮುಂಚೆ ಅಮ್ಮನಿಗೆ ಫೋನ್ ಮಾಡಿ ತಾನು ಹಾಕಿದವರು ಸೋತರು ಅಂತ ಅತ್ತಿದ್ದಳಂತೆ.

"ಮೊದಲನೇ ಓಟೇ ದಂಡ ಆಯ್ತಂತೆ ಮೇಷ್ಟ್ರೇ, ಹಬ್ಬದ ದಿನ ಇದೊಂದು ಕೇಳ್ಬೇಕಾಯ್ತು" ಅಂದರು.

ನಾನು ಕೇಳಿದೆ, "ಅಕ್ಕ, ಅವಳು ಓಟು ಹಾಕಿದ್ದು ಯಾವಾಗ?"

"ಆಫೀಸಿಂದ ಬರ್ತಾ ಸಂಜೆ ಮತಗಟ್ಟೆಗೆ ಹೋಗಿ ಲಕೋಟೆ ಕೊಟ್ಟು ಬಂದಳಂತೆ. ನಮಗೆ ಇವತ್ತು ಬೆಳಿಗ್ಗೆ ಕಾಫಿ ಹೊತ್ತು."

"ಹಾಗಾದರೆ ಅವಳ ಓಟನ್ನು ಇನ್ನೂ ಯಾರೂ ಎಣಿಸೇ ಇಲ್ಲ!"

ಅವರು ನಂಬಲಿಲ್ಲ. ಟಿವಿಯಲ್ಲಿ ಬಂದಿದೆಯಲ್ಲ ಅಂದರು. ನಾನು ಕೂರಿಸಿ ಹೇಳಿದೆ. ಮನೆಗೇ ಬಂದ ಮತಪತ್ರ ತುಂಬಿ, ಲಕೋಟೆಗೆ ಹಾಕಿ, ಮೇಲೆ ಸಹಿ ಮಾಡಿ ಕೊಡುತ್ತಾರೆ. ಆ ಲಕೋಟೆ ತಕ್ಷಣ ಒಡೆಯುವುದಿಲ್ಲ. ಮೇಲಿನ ಸಹಿಯನ್ನು ದಾಖಲೆಯ ಸಹಿ ಜೊತೆ ಹೋಲಿಸಬೇಕು, ಬ್ಯಾಂಕಿನಲ್ಲಿ ಚೆಕ್ ನೋಡುವ ಹಾಗೆ. ಸಹಿ ಹೊಂದದಿದ್ದರೆ ಮತದಾರರಿಗೆ ತಿಳಿಸಿ, ಸರಿಪಡಿಸಲು ಸಮಯ ಕೊಡಬೇಕು. ಆಮೇಲೆ ಲಕೋಟೆ ಬಿಚ್ಚಿ, ಮಡಿಕೆ ಬಿಡಿಸಿ ಯಂತ್ರಕ್ಕೆ ಕೊಡಬೇಕು. ಆ ವರ್ಷದ ನಿಯಮದಂತೆ, ಚುನಾವಣೆ ದಿನದೊಳಗೆ ಅಂಚೆಗೆ ಹಾಕಿದ ಮತ ಮೂರು ದಿನ ತಡವಾಗಿ ಬಂದರೂ ಲೆಕ್ಕಕ್ಕೆ ಸೇರುತ್ತಿತ್ತು. ಕೊನೆ ದಿನ ರಾಶಿ ರಾಶಿ ಲಕೋಟೆ ಬಂದು ಬೀಳುತ್ತವೆ. ಅವಳದೂ ಆ ರಾಶಿಯಲ್ಲೇ ಇತ್ತು.

ಆ ಕ್ಷೇತ್ರದಲ್ಲಿ ನಡೆದದ್ದು ಕೇಳಿ. ಹೌಸ್ ಸ್ಥಾನಕ್ಕೆ ಅಲ್ಲಿನ ಎರಡು ದೊಡ್ಡ ಪಕ್ಷಗಳ ನಡುವೆ ಸ್ಪರ್ಧೆ. ರಿಪಬ್ಲಿಕನ್ ಪಕ್ಷದಿಂದ ಯಂಗ್ ಕಿಮ್, ಕೊರಿಯಾ ಮೂಲದವರು. ಡೆಮಾಕ್ರಟ್ ಪಕ್ಷದಿಂದ ಗಿಲ್ ಸಿಸ್ನೆರೋಸ್, ನೌಕಾಪಡೆಯಲ್ಲಿದ್ದವರು, ಆಮೇಲೆ ಲಾಟರಿಯಲ್ಲಿ ದೊಡ್ಡ ಬಹುಮಾನ ಬಂದವರು. ಆ ರಾತ್ರಿ ಕಿಮ್ ಮುಂದೆ ಇದ್ದರು. ಹೊಸ ಸದಸ್ಯರಿಗೆ ವಾಷಿಂಗ್ಟನ್‌ನಲ್ಲಿ ಒಂದು ತರಬೇತಿ ಇರುತ್ತದೆ, ಅದಕ್ಕೂ ಹೋಗಿ ಬಂದರು. ಇತ್ತ ಎಣಿಕೆ ನಡೆಯುತ್ತಲೇ ಇತ್ತು. ದಿನಾ ಹೊಸ ಲೆಕ್ಕ ಬರುತ್ತಿತ್ತು, ದಿನಾ ಅಂತರ ಸ್ವಲ್ಪ ಸ್ವಲ್ಪ ಕರಗುತ್ತಿತ್ತು. ನಮ್ಮ ಅಕ್ಕ ಬೆಳಿಗ್ಗೆ ರಂಗೋಲಿ ಹಾಕಿ ಎದ್ದವರೇ ಗೇಟಿನಿಂದ ನನ್ನನ್ನು ಕೂಗಿ ಕೇಳುತ್ತಿದ್ದರು, "ಇವತ್ತು ಎಷ್ಟಕ್ಕೆ ಬಂತು ಮೇಷ್ಟ್ರೇ?" ಬಲಿಪಾಡ್ಯಮಿ ಮುಗಿಯಿತು. ದೀಪ ಎತ್ತಿಟ್ಟೆವು. ನವೆಂಬರ್ 17ಕ್ಕೆ, ಮತದಾನ ಆಗಿ ಹನ್ನೊಂದು ದಿನಕ್ಕೆ, ಸಿಸ್ನೆರೋಸ್ ಗೆದ್ದರು ಅಂತ ಸುದ್ದಿ ಬಂತು. ಯಂಗ್ ಕಿಮ್ ಎರಡು ವರ್ಷ ಬಿಟ್ಟು ಮತ್ತೆ ನಿಂತು ಅದೇ ಸೀಟು ಗೆದ್ದರು, ಅದು ಬೇರೆ ಕಥೆ. ಆದರೆ ಆ ದೀಪಾವಳಿ ದಿನ ಆ ಹುಡುಗಿ ಅತ್ತಿದ್ದು ಯಾವುದಕ್ಕೆ? ಇನ್ನೂ ಬಿಚ್ಚದ ತನ್ನದೇ ಲಕೋಟೆಗೆ.

ಇದು ಒಂದು ಸೀಟಿನ ಮಾತಲ್ಲ. ಅರಿಜೋನಾದ ಸೆನೆಟ್ ಸ್ಥಾನ ಕೂಡ ಅದೇ ವಾರ ಹೀಗೇ ತಿರುಗಿತು. ಆ ರಾತ್ರಿ ಡೆಮಾಕ್ರಟರ ಅಲೆ ಏನೂ ಇಲ್ಲ ಅಂತ ಎಷ್ಟೋ ಜನ ವಿಶ್ಲೇಷಕರು ಹೇಳಿಬಿಟ್ಟಿದ್ದರು. ಕೊನೆಗೆ ಹೌಸ್‌ನಲ್ಲಿ ಅವರಿಗೆ ಮೊದಲಿಗಿಂತ ಜಾಸ್ತಿ ಬಂದಿದ್ದು 40 ಸ್ಥಾನ. 2022ರಲ್ಲಿ ಉಲ್ಟಾ. ರಿಪಬ್ಲಿಕನ್ ಅಲೆ ಬರುತ್ತದೆ ಅಂದರು. ಹೌಸ್‌ನಲ್ಲಿ ಅವರಿಗೆ ಬಹುಮತ ಸಿಕ್ಕಿತು ಅನ್ನುವುದು ಖಚಿತವಾಗಲಿಕ್ಕೇ ಎಂಟು ದಿನ ಬೇಕಾಯಿತು, ಕೊನೆಯ ಲೆಕ್ಕ 222ಕ್ಕೆ 213. ಕೊಲರಾಡೋದ ಒಂದು ಸೀಟಿನ ಅಂತರ 546 ಮತ. ಜಾರ್ಜಿಯಾದಲ್ಲಿ ಯಾರಿಗೂ ಶೇಕಡ 50 ದಾಟದೆ ಸೆನೆಟ್ ಸ್ಥಾನಕ್ಕೆ ಡಿಸೆಂಬರ್ 6ಕ್ಕೆ ಮತ್ತೊಮ್ಮೆ ಮತದಾನವೇ ಆಯಿತು. ಇಷ್ಟಾದರೂ ನಮ್ಮ ಚಾನೆಲ್‌ಗಳು ಬುಧವಾರ ಮಧ್ಯಾಹ್ನದೊಳಗೆ ಅಧ್ಯಕ್ಷರಿಗೆ ಮುಖಭಂಗ ಅಂತಲೋ ಜಯಭೇರಿ ಅಂತಲೋ ಕೆಂಪಕ್ಷರದಲ್ಲಿ ಹಾಕುತ್ತವೆ. ದಯವಿಟ್ಟು ಅದನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಮುಖಭಂಗ ಅನ್ನುವುದು ಅಲ್ಲಿ ಮಾಮೂಲು. ಎರಡನೇ ಮಹಾಯುದ್ಧದ ನಂತರ ಇಂಥ ಚುನಾವಣೆಯಲ್ಲಿ ಅಧ್ಯಕ್ಷರ ಪಕ್ಷಕ್ಕೆ ಹೌಸ್‌ನಲ್ಲಿ ಸೀಟು ಹೆಚ್ಚಿದ್ದು ಎರಡೇ ಸಲ, 1998 ಮತ್ತು 2002. ಒಬಾಮಾ ಅವರ ಪಕ್ಷ 2010ರಲ್ಲಿ 63 ಸೀಟು ಕಳೆದುಕೊಂಡಿತು, 2012ರಲ್ಲಿ ಅವರೇ ಮತ್ತೆ ಗೆದ್ದರು.

ಸಮಯ ಕಡಿಮೆ ಇದೆ, ಉಳಿದ ಎರಡು ಮಾತು ಬೇಗ ಹೇಳುತ್ತೇನೆ.

ಒಂದು, ವೀಸಾ. ಎಲ್ಲರ ಪ್ರಶ್ನೆಯೂ ಅದೇ, ಗೊತ್ತು. ಎಚ್-1ಬಿ ಅನ್ನುವ ಕೆಲಸದ ವೀಸಾದ ವಾರ್ಷಿಕ ಮಿತಿ 85,000. ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಆಗಿ ಇರುವ ಪರವಾನಗಿ, ಅದರಲ್ಲಿ ಒಂದೊಂದು ದೇಶಕ್ಕೆ ಮಿತಿ ಶೇಕಡ 7. ಇವೆಲ್ಲ ಕಾನೂನಿನಲ್ಲಿ ಬರೆದಿರುವುದು, ಬದಲಾಯಿಸಲು ಎರಡೂ ಸದನ ಒಪ್ಪಬೇಕು, ಅಧ್ಯಕ್ಷರು ಸಹಿ ಹಾಕಬೇಕು. 2019ರ ಜುಲೈನಲ್ಲಿ ಉದ್ಯೋಗದ ಮೇಲೆ ಸಿಗುವ ಗ್ರೀನ್ ಕಾರ್ಡ್‌ಗೆ ಆ ಶೇಕಡ 7ರ ಮಿತಿ ತೆಗೆಯುವ ಮಸೂದೆ ಹೌಸ್‌ನಲ್ಲಿ 365ಕ್ಕೆ 65 ಮತದಿಂದ ಪಾಸಾಗಿತ್ತು, ಆದರೂ ಕಾನೂನಾಗಲಿಲ್ಲ. ಇನ್ನೊಂದು ಕಡೆ, 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಬಂದಿದ್ದು ಅಧ್ಯಕ್ಷರ ಒಂದು ಆದೇಶದಿಂದ. ಸದನದಲ್ಲಿ ಬಹುಮತ ಬದಲಾದರೆ ತನಿಖೆ, ಸಮಿತಿ, ಬಜೆಟ್ಟಿನ ಹಗ್ಗಜಗ್ಗಾಟ ಬದಲಾಗುತ್ತದೆ. ಮಗನ ವೀಸಾ ರಾತ್ರೋರಾತ್ರಿ ಏನೂ ಆಗುವುದಿಲ್ಲ. ಬುಧವಾರ ಬೆಳಿಗ್ಗೆ ಫೋನ್ ಮಾಡಿ "ವಾಪಸ್ ಬಂದುಬಿಡು" ಅನ್ನಬೇಡಿ.

ಎರಡು, ನಮ್ಮವರು ಗೆದ್ದರಾ ಅಂತ ನೋಡುವವರಿಗೆ. ಶ್ರೀ ಥಾಣೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದಿದ್ದು ಬೆಳಗಾವಿಯಲ್ಲಿ. 2022ರಲ್ಲಿ ಡೆಟ್ರಾಯ್ಟ್ ಕಡೆಯಿಂದ ಹೌಸ್‌ಗೆ ಆಯ್ಕೆಯಾದರು. ಆ ಕ್ಷೇತ್ರ ಡೆಮಾಕ್ರಟರದೇ ಕೋಟೆ, ಹಾಗಾಗಿ ಅವರ ನಿಜವಾದ ಸ್ಪರ್ಧೆ ನಡೆದದ್ದು ಆಗಸ್ಟ್‌ನಲ್ಲಿ, ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಪ್ರೈಮರಿ ಚುನಾವಣೆಯಲ್ಲಿ. ಒಂಬತ್ತು ಜನ ನಿಂತಿದ್ದರು, ಇವರಿಗೆ ಬಿದ್ದದ್ದು ಶೇಕಡ 28ರಷ್ಟು ಮತ, ಅಷ್ಟಕ್ಕೇ ಗೆಲುವು. ನವೆಂಬರ್‌ನಲ್ಲಿ ಟಿವಿ ಹಾಕುವ ಹೊತ್ತಿಗೆ ಇಂಥ ಎಷ್ಟೋ ಸೀಟುಗಳ ತೀರ್ಪು ಆಗಿಹೋಗಿರುತ್ತದೆ.

ಇನ್ನು ಗಡಿಯಾರ ಹೇಳಿ ಮುಗಿಸುತ್ತೇನೆ, ಬೇಕಿದ್ದರೆ ಬರೆದುಕೊಳ್ಳಿ. ನವೆಂಬರ್ 4, ಬುಧವಾರ, ನಮ್ಮ ಬೆಳಗಿನ ಜಾವ ನಾಲ್ಕೂವರೆಗೆ ಇಂಡಿಯಾನಾ, ಕೆಂಟಕಿಯಲ್ಲಿ ಮೊದಲ ಮತಗಟ್ಟೆಗಳು ಮುಚ್ಚುತ್ತವೆ. ಫ್ಲಾರಿಡಾ ಲಕೋಟೆಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುತ್ತದೆ, ಅದು ಬೇಗ ಬರುತ್ತದೆ. ಪೆನ್ಸಿಲ್ವೇನಿಯಾ ಮತದಾನದ ದಿನವೇ ಲಕೋಟೆ ಮುಟ್ಟುವುದು, ಅದು ನಿಧಾನ. ಕ್ಯಾಲಿಫೋರ್ನಿಯಾದಲ್ಲಿ ಮತದಾನ ಮುಗಿಯುವಾಗ ನಮಗೆ ಒಂಬತ್ತೂವರೆ. ಅಷ್ಟು ನೋಡಿ ಟಿವಿ ಆರಿಸಿ, ನಿಮ್ಮ ಕೆಲಸ ನೋಡಿಕೊಳ್ಳಿ. ಈ ಸಲ ದೀಪಾವಳಿ ಆ ಭಾನುವಾರ, ನವೆಂಬರ್ 8. ಅವತ್ತು ಮಕ್ಕಳಿಗೆ ಹೇಗೂ ಫೋನ್ ಮಾಡುತ್ತೀರಿ ಅಲ್ವಾ, ಎಣ್ಣೆ ಸ್ನಾನ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ: ನಿಮ್ಮ ಕೌಂಟಿಯಲ್ಲಿ ಇನ್ನೂ ಎಷ್ಟು ಲಕೋಟೆ ಬಿಚ್ಚುವುದು ಬಾಕಿ ಇದೆ?

ನಮಸ್ಕಾರ.